ಸೈನಿಕರ ಸಂಬಳ ಮತ್ತು ಪಾರ್ಲಿಮೆಂಟು

ಇಂಗ್ಲೆಂಡಿನ ಅಂತರ್ಯುದ್ಧವೆಂದೊಡನೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಒಂದನೆಯ ಚಾರ್ಲ್ಸ್ ದೊರೆಯ ಶಿರಚ್ಛೇದ ನೆನಪಾದೀತು. ಆ ಕಥೆಯ ಮರ್ಮವಿರುವುದು ಸಂಬಳದ ಲೆಕ್ಕದಲ್ಲಿ ಎಂಬುದು ನನ್ನ ಅಭಿಪ್ರಾಯ.

1642ರಲ್ಲಿ ಯುದ್ಧ ಆರಂಭವಾದಾಗ ಪಾರ್ಲಿಮೆಂಟು ದೊರೆಯ ಒಪ್ಪಿಗೆಯಿಲ್ಲದೆಯೇ ಸೈನ್ಯ ಕಟ್ಟಿತು. ತಮ್ಮ ಸಮ್ಮತಿಯಿಲ್ಲದೆ ಹಡಗು ತೆರಿಗೆ ಎತ್ತಿದನೆಂದು ದೊರೆಯನ್ನು ದೂರಿದ್ದವರೇ 1643ರಲ್ಲಿ ಕೌಂಟಿಗಳಿಗೆ ವಾರದ ತೆರಿಗೆಯನ್ನು ಗೊತ್ತುಪಡಿಸಿದರು. ಜನಸಾಮಾನ್ಯರು ಕುಡಿಯುವ ಬಿಯರಿನ ಮೇಲೂ ಅಬಕಾರಿ ಸುಂಕ ಹೇರಿದರು. ಯುದ್ಧದ ಮೇಲ್ವಿಚಾರಣೆಗೆ ಸಮಿತಿಗಳನ್ನು ನೇಮಿಸಿದರು. 1645ರಲ್ಲಿ ಹೊಸ ಮಾದರಿಯ ಸೈನ್ಯ ರೂಪುಗೊಂಡಿತು. ಯೋಧರು ಸುಮಾರು 22,000. ಅದಕ್ಕಾಗಿ ತಿಂಗಳಿಗೆ ಸುಮಾರು 53,000 ಪೌಂಡುಗಳ ತೆರಿಗೆ. ಕಾಲಾಳಿಗೆ ದಿನಕ್ಕೆ 8 ಪೆನ್ನಿ. ಆ ಜೂನ್ ತಿಂಗಳಲ್ಲೇ ನೇಸ್ಬಿಯಲ್ಲಿ ದೊರೆ ಸೋತನು.

ಗೆದ್ದ ಮೇಲೆ ಸಂಕಟ ಮೊದಲಾಯಿತು. 1647ರಲ್ಲಿ ಪಾರ್ಲಿಮೆಂಟು, ತಿಂಗಳುಗಟ್ಟಲೆಯ ಬಾಕಿಗೆ ಬದಲಾಗಿ ಕೆಲವೇ ವಾರಗಳ ಸಂಬಳವನ್ನು ಕೊಟ್ಟು ಸೈನಿಕರನ್ನು ಮನೆಗೆ ಕಳುಹಿಸಲು ಹೊರಟಿತು. ಮನವಿ ಸಿದ್ಧಪಡಿಸಿದವರು ಹಠ ಬಿಡದಿದ್ದರೆ ರಾಜ್ಯದ ಶತ್ರುಗಳೆಂದು ಸಾರಿತು. ಪ್ರಾಣವನ್ನು ಪಣಕ್ಕಿಟ್ಟವರು ಆ ಮಾತನ್ನು ಮರೆಯಲಿಲ್ಲ. 1648ರ ಡಿಸೆಂಬರಿನಲ್ಲಿ ಕರ್ನಲ್ ಪ್ರೈಡ್ ಸದನದ ಬಾಗಿಲಲ್ಲಿ ನಿಂತು, ಸೈನ್ಯಕ್ಕೆ ಬೇಡವಾದ ಸದಸ್ಯರನ್ನು ತಡೆದನು. ಉಳಿದವರನ್ನು 1653ರಲ್ಲಿ ಕ್ರಾಮ್‌ವೆಲ್ ಹೊರಹಾಕಿದನು.

ಶಾಂತಿಕಾಲದಲ್ಲಿ ಪಾರ್ಲಿಮೆಂಟಿನ ಸಮ್ಮತಿಯಿಲ್ಲದೆ ಸೈನ್ಯವಿರಕೂಡದೆಂದು 1689ರ ಹಕ್ಕುಗಳ ಮಸೂದೆ ವಿಧಿಸಿತು. ನಮ್ಮ ಲೋಕಸಭೆಯು ಪ್ರತಿವರ್ಷ ರಕ್ಷಣಾ ವೆಚ್ಚಕ್ಕೆ ಅನುಮೋದನೆ ನೀಡುವ ಪದ್ಧತಿಯೂ ಅದೇ ಪರಂಪರೆಯದು. ಸೈನ್ಯದ ಮೇಲಿನ ಅಧಿಕಾರ ಕಾಯಿದೆಯಿಂದ ಮಾತ್ರ ಉಳಿಯದು. ಕೊಡಬೇಕಾದುದನ್ನು ಹೊತ್ತಿಗೆ ಸರಿಯಾಗಿ ಕೊಡಲೂಬೇಕು.