ಹದಿನೆಂಟು ಗಿನಿಯ ಪಿಯಾನೊ

ನಮ್ಮಣ್ಣನ ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಹೋದ ತಿಂಗಳು ಒಂದು ಭಾನುವಾರ ಮನೆಗೆ ಬಂದವನು ಕಾಫಿಯ ಲೋಟ ಕೆಳಗಿಡುವ ಮೊದಲೇ ತನ್ನ ಫೋನನ್ನು ನನ್ನ ಮುಖದ ಮುಂದೆ ಹಿಡಿದ. ಅದರಲ್ಲಿ ಒಂದು ಎಲೆಕ್ಟ್ರಾನಿಕ್ ಕೀಬೋರ್ಡಿನ ಚಿತ್ರ. ಚಿತ್ರದ ಕೆಳಗೆ ಬೆಲೆ. ಬೆಲೆಗಿಂತ ದೊಡ್ಡ ಅಕ್ಷರದಲ್ಲಿ ತಿಂಗಳ ಕಂತು.

"ತಿಂಗಳಿಗೆ ಬರೀ ಒಂದೂವರೆ ಸಾವಿರ ಚಿಕ್ಕಪ್ಪ. ಈ ಆಫರು ಇವತ್ತು ರಾತ್ರಿಗೆ ಮುಗಿದುಹೋಗುತ್ತೆ."

"ನುಡಿಸೋಕೆ ಬರುತ್ತೇನೋ ನಿನಗೆ?"

"ಅದೇನು ಮಹಾ! ತಗೊಂಡ ಮೇಲೆ ಕಲಿಯೋದು."

ಹೀಗೆಯೇ 'ತಗೊಂಡ ಮೇಲೆ ಕಲಿಯಲು' ಬಂದ ಗಿಟಾರೊಂದು ಅವನ ಬೀರುವಿನ ಮೇಲೆ ಮೂರು ವರ್ಷದಿಂದ ಗವಸು ಕಳಚದೆ ಮಲಗಿದೆ. ಅದನ್ನು ನೆನಪಿಸಲು ಬಾಯಿ ತೆರೆದವನು ಸುಮ್ಮನಾದೆ. ನಾನು ಅವನ ವಯಸ್ಸಿನಲ್ಲಿ ಕೊಂಡ ಪಿಟೀಲಿನ ಕಥೆ ನಮ್ಮ ಮನೆಯವರಿಗೆಲ್ಲ ಗೊತ್ತು. ಅದರ ಬದಲು, ಇಂಗ್ಲೆಂಡಿನಲ್ಲಿ ಹಿಂದೆ ನಡೆದ ಒಂದು ಪಿಯಾನೊ ವ್ಯವಹಾರದ ಕಥೆಯನ್ನು ಅವನಿಗೆ ಹೇಳಿದೆ. ಅದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿದ್ದೇನೆ.

ಪಿಯಾನೊ ಹುಟ್ಟಿದ್ದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಸುಮಾರು 1700ರ ಹೊತ್ತಿಗೆ. ಕ್ರಿಸ್ಟೊಫೊರಿ ಎಂಬಾತ ಮೆಡಿಚಿ ಮನೆತನದ ಆಶ್ರಯದಲ್ಲಿದ್ದುಕೊಂಡು ಅದನ್ನು ನಿರ್ಮಿಸಿದ. ಬಹಳ ಕಾಲ ಅದು ಅರಮನೆಗಳ, ಸಿರಿವಂತರ ಸ್ವತ್ತಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಗೋಡೆಗೆ ಒರಗಿ ನಿಲ್ಲುವ ನೆಟ್ಟನೆಯ ಪಿಯಾನೊ ಬಂದಿತು; ಕಾರ್ಖಾನೆಗಳು ಹೆಚ್ಚಿದವು; ಗುಮಾಸ್ತೆಯ ಮನೆಯ ಚಿಕ್ಕ ಹಜಾರದಲ್ಲಿಯೂ ಅದಕ್ಕೊಂದು ಮೂಲೆ ಸಿಕ್ಕಿತು. ಆ ಮೂಲೆಗೆ ಸಂಗೀತಕ್ಕಿಂತ ಹೆಚ್ಚಾಗಿ ಮಾನದ ಸಂಬಂಧವಿತ್ತು. ಪಿಯಾನೊ ಇರುವ ಮನೆ ಸಭ್ಯರ ಮನೆ. ಮಗಳಿಗೆ ನಾಲ್ಕು ಸ್ವರ ನುಡಿಸಲು ಬಂದರೆ ವರನ ಕಡೆಯವರೆದುರು ಒಂದು ಅಂಕ ಹೆಚ್ಚು. ಇದನ್ನು ಓದಿ ನಗಬೇಕಾದ್ದಿಲ್ಲ. ಹೆಣ್ಣು ನೋಡುವ ದಿನ ಚಾಪೆಯ ಮೇಲೆ ಹಾರ್ಮೋನಿಯಂ ಇಟ್ಟು "ಒಂದು ದೇವರನಾಮ ಹಾಡಮ್ಮ" ಎಂದದ್ದನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿಲ್ಲ? ಮದುವೆಯ ಮರುದಿನದಿಂದ ಆ ಹಾರ್ಮೋನಿಯಂ ಏನಾಯಿತೆಂಬುದನ್ನು ಅಟ್ಟವನ್ನೇ ಕೇಳಬೇಕು. ಆ ಹಾರ್ಮೋನಿಯಮ್ಮಾದರೂ ಪ್ಯಾರಿಸ್ಸಿನಲ್ಲಿ ದೆಬೆಂ ಎಂಬುವನು 1842ರಲ್ಲಿ ಹಕ್ಕುಪತ್ರ ಪಡೆದ ವಾದ್ಯ. ಅಲ್ಲಿಂದ ಇಲ್ಲಿಯವರೆಗೆ ಬಂದ ಅದರ ಪ್ರಯಾಣ ಬೇರೆಯೇ ಒಂದು ಲೇಖನಕ್ಕೆ ವಿಷಯ.

ಪಿಯಾನೊ ಎಷ್ಟು ಅಗ್ಗವಾದರೂ ಸಂಬಳದ ಮನುಷ್ಯ ಒಮ್ಮೆಲೇ ಕೊಡಬಲ್ಲ ಬೆಲೆಗೆ ಇಳಿಯಲಿಲ್ಲ. ಇಂಗ್ಲೆಂಡಿನಲ್ಲಿ ಒಬ್ಬ ನುರಿತ ಕಸಬುದಾರನ ವಾರದ ಗಳಿಕೆ ಒಂದೂವರೆ ಎರಡು ಪೌಂಡು ಇದ್ದ ಕಾಲದಲ್ಲಿ ಸಾಮಾನ್ಯ ಪಿಯಾನೊಗೆ ಹದಿನೆಂಟು ಇಪ್ಪತ್ತು ಪೌಂಡು ತೆರಬೇಕಾಗಿತ್ತು. ಆಗ ವರ್ತಕರು ಒಂದು ಹಾದಿಯನ್ನು ಕಂಡುಕೊಂಡರು. ಶತಮಾನದ ನಡುವಿನ ಹೊತ್ತಿಗೇ ಲಂಡನ್ನಿನ ಪಿಯಾನೊ ಅಂಗಡಿಗಳಲ್ಲಿ 'ಮೂರು ವರ್ಷದ ಪದ್ಧತಿ' ಎಂಬುದು ಬಳಕೆಗೆ ಬಂದಿತು. ಪಿಯಾನೊವನ್ನು ಇಂದೇ ಮನೆಗೆ ಸಾಗಿಸಬಹುದು; ಮೂರು ವರ್ಷ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು; ಕೊನೆಯ ಕಂತು ಸಂದ ದಿನ ಅದು ನಿಮ್ಮದು. ಅಮೆರಿಕದಲ್ಲಿ ಸಿಂಗರ್ ಕಂಪನಿ ಹೊಲಿಗೆಯಂತ್ರಗಳನ್ನು ಹೀಗೆ ಮಾರಲು ಹೊರಟದ್ದು 1856ರಲ್ಲಿ. ಆದರೆ ಹೊಲಿಗೆಯಂತ್ರ ತನ್ನ ಕಂತನ್ನು ತಾನೇ ದುಡಿದುಕೊಟ್ಟೀತು. ಪಿಯಾನೊ ದುಡಿಯುವ ವಸ್ತುವಲ್ಲ. ತಿಂಗಳ ಕೊನೆಯಲ್ಲಿ ಎರಡರ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತಿತ್ತು.

ಇನ್ನು ನಮ್ಮ ಕಥೆ. 1892ನೆಯ ಇಸವಿ ಡಿಸೆಂಬರ್ 23. ಕ್ರಿಸ್ಮಸ್ಸಿಗೆ ಎರಡೇ ದಿನ. ಒಬ್ಬ ಗೃಹಸ್ಥ ಹೆಲ್ಬಿ ಎಂಬ ಪಿಯಾನೊ ವರ್ತಕನ ಕರಾರುಪತ್ರಕ್ಕೆ ರುಜು ಹಾಕಿದ. ತಿಂಗಳಿಗೆ ಹತ್ತೂವರೆ ಷಿಲಿಂಗಿನಂತೆ ಮೂವತ್ತಾರು ಕಂತು. ಒಟ್ಟು 18 ಪೌಂಡು 18 ಷಿಲಿಂಗು. ಇದೇನು ವಿಚಿತ್ರ ಮೊತ್ತ ಎನ್ನಿಸಬಹುದು. ಇಪ್ಪತ್ತೊಂದು ಷಿಲಿಂಗಿಗೆ ಒಂದು ಗಿನಿ. ಲೆಕ್ಕ ಹಾಕಿದರೆ ಸರಿಯಾಗಿ ಹದಿನೆಂಟು ಗಿನಿ, ಕಂತು ಅರ್ಧ ಗಿನಿ. ಗಿನಿಯೆಂಬ ನಾಣ್ಯದ ಟಂಕಣೆ 1814ಕ್ಕೇ ನಿಂತುಹೋಗಿತ್ತು. ಆದರೂ ದೊಡ್ಡಮನುಷ್ಯರ ಸರಕುಗಳಿಗೆ ಗಿನಿಯಲ್ಲಿ ಬೆಲೆ ಹೇಳುವ ರೂಢಿ ಉಳಿದಿತ್ತು. ಇಲ್ಲದ ನಾಣ್ಯದಲ್ಲಿ, ಇಲ್ಲದ ಹಣಕ್ಕೆ, ಬೇಕೋ ಬೇಡವೋ ಎಂದು ಎರಡು ಸಲ ಯೋಚಿಸದೆ ವ್ಯವಹಾರ ಮುಗಿಯಿತೆಂದು ನಾನು ಊಹಿಸುತ್ತೇನೆ. ಹಬ್ಬದ ಹಿಂದಿನ ದಿನಗಳಲ್ಲಿ ಯಾರು ತಾನೆ ಯೋಚಿಸುತ್ತಾರೆ?

ಪಿಯಾನೊವನ್ನು ಆ ಮನೆಯಿಂದ ವರ್ತಕನ ಅನುಮತಿಯಿಲ್ಲದೆ ಕದಲಿಸಕೂಡದೆಂದು ಕರಾರಿನಲ್ಲಿ ಬರೆದಿತ್ತು. ನಾಲ್ಕು ತಿಂಗಳು ಕಳೆಯಿತು. 1893ರ ಏಪ್ರಿಲಿನಲ್ಲಿ ಪಿಯಾನೊ ಮನೆಯಿಂದ ಕದಲಿ, ಮ್ಯಾಥ್ಯೂಸ್ ಎಂಬ ಗಿರವಿ ಅಂಗಡಿಯನ್ನು ಸೇರಿತು.

ವರ್ತಕ ತನ್ನ ಮಾಲನ್ನು ಹುಡುಕಿಕೊಂಡು ಹೋದ. ಗಿರವಿ ಅಂಗಡಿಯವನು ಕೊಡೆನೆಂದ. ಅವನ ವಾದದಲ್ಲಿಯೂ ಹುರುಳಿತ್ತು. 1889ರ ಕಾನೂನೊಂದರ ಪ್ರಕಾರ, ಒಂದು ವಸ್ತುವನ್ನು 'ಕೊಳ್ಳಲು ಒಪ್ಪಿ' ಕೈವಶ ಮಾಡಿಕೊಂಡವನು ಅದನ್ನು ಮಾರಿದರೆ ಅಥವಾ ಅಡವಿಟ್ಟರೆ, ಸತ್ಯಸಂಗತಿ ತಿಳಿಯದೆ ಅದನ್ನು ಪಡೆದವನ ಹಕ್ಕು ಉಳಿಯುತ್ತಿತ್ತು. ಅದೇ 1893ರಲ್ಲಿ, ಮನೆಯ ಪೀಠೋಪಕರಣಗಳನ್ನು ಕಂತಿನ ಮೇಲೆ ಪಡೆದು ಮಾರಿಬಿಟ್ಟ ಇನ್ನೊಂದು ಪ್ರಕರಣದಲ್ಲಿ ನ್ಯಾಯಾಲಯ ಹಾಗೆಯೇ ತೀರ್ಮಾನಿಸಿತ್ತು. ಹೆಲ್ಬಿಯ ಮೊಕದ್ದಮೆಯಲ್ಲಿಯೂ ಮೇಲ್ಮನವಿ ನ್ಯಾಯಾಲಯ ಗಿರವಿ ಅಂಗಡಿಯ ಪರವಾಗಿ ಹೇಳಿತು. ಕಂತಿನ ವ್ಯಾಪಾರವನ್ನೇ ನಂಬಿದ್ದ ವರ್ತಕರಿಗೆ ದಿಗಿಲಾಗಿದ್ದರೆ ಆಶ್ಚರ್ಯವಿಲ್ಲ. ಪ್ರತಿಯೊಂದು ಬೀದಿಯ ಗಿರವಿ ಅಂಗಡಿಯೂ ಅವರ ಪಿಯಾನೊಗಳನ್ನು ನುಂಗಬಲ್ಲುದಾಗಿತ್ತು.

ಅಂತೂ ಹದಿನೆಂಟು ಗಿನಿಯ ಪಿಯಾನೊ ಬ್ರಿಟಿಷ್ ಸಾಮ್ರಾಜ್ಯದ ಅತ್ಯುಚ್ಚ ನ್ಯಾಯಪೀಠಗಳಲ್ಲೊಂದಾದ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂದಿತು. ಲಾರ್ಡ್ ಹರ್ಷೆಲ್ ಮೊದಲಾದ ನ್ಯಾಯಮೂರ್ತಿಗಳು 1895ರಲ್ಲಿ ತೀರ್ಪಿತ್ತರು. ಅವರು ಕರಾರುಪತ್ರದ ಒಂದು ಷರತ್ತಿನ ಮೇಲೆ ಬೆರಳಿಟ್ಟರು: ಬಾಡಿಗೆದಾರ ಯಾವಾಗ ಬೇಕಾದರೂ ಪಿಯಾನೊವನ್ನು ಹಿಂದಿರುಗಿಸಿ ಕರಾರನ್ನು ಮುಗಿಸಬಹುದು, ಅಲ್ಲಿಂದಾಚೆಯ ಕಂತು ಅವನಿಗೆ ಬೇಡ. ಹಾಗಿದ್ದ ಮೇಲೆ ಅವನು ಕೊಳ್ಳಲು 'ಒಪ್ಪಿದ್ದಾನೆ' ಎನ್ನುವುದು ಹೇಗೆ? ಒಪ್ಪಿದವನು ವರ್ತಕ, ಮಾರಲು. ಗಿರಾಕಿಗೆ ಇದ್ದದ್ದು ಇಷ್ಟವಿದ್ದರೆ ಕೊಳ್ಳುವ ಅವಕಾಶ ಮಾತ್ರ. ಕೊನೆಯ ಕಂತಿನವರೆಗೂ ಅವನು ಬಾಡಿಗೆದಾರನೇ. ಪಿಯಾನೊ ಹೆಲ್ಬಿಯದೇ ಎಂದು ತೀರ್ಮಾನವಾಯಿತು.

ಈ ತೀರ್ಪನ್ನು ಓದಿದಾಗಲೆಲ್ಲ ನನಗೆ ಒಂದು ವಿನೋದ ಕಾಣುತ್ತದೆ. 'ಒಲ್ಲೆ' ಎನ್ನುವ ಸ್ವಾತಂತ್ರ್ಯವನ್ನು ಗಿರಾಕಿಯ ಕೈಯಲ್ಲಿಟ್ಟಿದ್ದರಿಂದಲೇ ವರ್ತಕ ಗೆದ್ದ. ಗಿರಾಕಿಯನ್ನು ಕೊಳ್ಳುವಂತೆ ಕಟ್ಟಿಹಾಕಿದ್ದರೆ ಮಾಲು ಕೈಬಿಡುತ್ತಿತ್ತು. ಹೀಗಾಗಿ ಅಲ್ಲಿಂದ ಮುಂದೆ ಇಂಗ್ಲೆಂಡಿನ ಬಾಡಿಗೆ-ಖರೀದಿ ಕರಾರುಗಳು ಈ ಅಚ್ಚಿನಲ್ಲಿಯೇ ಎರಕವಾದವು. ದಯೆಯಿಂದಲ್ಲ, ಲಾಭದ ಲೆಕ್ಕದಿಂದ, ಅವಸರಪಟ್ಟು ಕೊಂಡವನಿಗೆ ಒಂದು ಹಿಂಬಾಗಿಲು ದೊರೆಯಿತು.

ಹಿಂಬಾಗಿಲೇನೋ ಇತ್ತು, ಅದರಲ್ಲಿ ನಡೆದುಬಂದವರು ಬರಿಗೈಯಲ್ಲಿ ಬರಬೇಕಾಗಿತ್ತು. ಕಟ್ಟಿದ ಹಣ ಬಾಡಿಗೆಯ ಲೆಕ್ಕಕ್ಕೆ ಹೋಯಿತು. ಮೂವತ್ತು ಕಂತು ಕಟ್ಟಿದವನು ಮೂವತ್ತೊಂದನೆಯದಕ್ಕೆ ತಪ್ಪಿದರೆ ವರ್ತಕನ ಆಳುಗಳು ಗಾಡಿ ತಂದು ಸಾಮಾನು ಹೊತ್ತುಕೊಂಡು ಹೋಗುತ್ತಿದ್ದರು. ಎರಡು ಮಹಾಯುದ್ಧಗಳ ನಡುವೆ ಇದು ಹೆಚ್ಚಿತು. ಜಾರೊ ಪಟ್ಟಣದ ಪ್ರತಿನಿಧಿಯಾಗಿದ್ದ ಎಲೆನ್ ವಿಲ್ಕಿನ್ಸನ್ ಎಂಬ ಲೇಬರ್ ಪಕ್ಷದ ಸದಸ್ಯೆ ಪಾರ್ಲಿಮೆಂಟಿನಲ್ಲಿ ಪಟ್ಟುಹಿಡಿದು 1938ರಲ್ಲಿ ಒಂದು ಕಾಯಿದೆ ಮಾಡಿಸಿದರು. ಬೆಲೆಯ ಮೂರರಲ್ಲೊಂದು ಭಾಗ ಸಂದ ಮೇಲೆ ನ್ಯಾಯಾಲಯದ ಆಜ್ಞೆಯಿಲ್ಲದೆ ವಸ್ತುವನ್ನು ಕಿತ್ತುಕೊಳ್ಳುವಂತಿಲ್ಲ ಎಂದಾಯಿತು. 1964ರಲ್ಲಿ ಇನ್ನೊಂದು ಹೆಜ್ಜೆ. ಮಾರಾಟಗಾರ ಮನೆಬಾಗಿಲಿಗೇ ಬಂದು ರುಜು ಹಾಕಿಸಿಕೊಂಡಿದ್ದರೆ, ಕರಾರಿನ ಪ್ರತಿ ಅಂಚೆಯಲ್ಲಿ ಕೈಸೇರಿದ ಮೇಲೆ ನಾಲ್ಕು ದಿನದೊಳಗೆ ಗಿರಾಕಿ ಅದನ್ನು ರದ್ದುಮಾಡಬಹುದು, ಕಾರಣ ಹೇಳಬೇಕಾಗಿಲ್ಲ. ಮನುಷ್ಯನ ಹಂಬಲ ಆರಲು ಎಷ್ಟು ದಿನ ಬೇಕೆಂದು ಒಂದು ಪಾರ್ಲಿಮೆಂಟು ಲೆಕ್ಕ ಹಾಕಿ ಕಾನೂನಿನಲ್ಲಿ ಬರೆದದ್ದು ನನಗಂತೂ ಆ ಶತಮಾನದ ಬುದ್ಧಿವಂತ ಕೆಲಸಗಳಲ್ಲಿ ಒಂದಾಗಿ ತೋರುತ್ತದೆ.

ಪಿಯಾನೊಗಳ ಗತಿ ಏನಾಯಿತು? ಗ್ರಾಮೊಫೋನು ಬಂದಿತು, ರೇಡಿಯೊ ಬಂದಿತು. ಹಜಾರದ ಪಿಯಾನೊ ಹೂದಾನಿಯನ್ನೂ ಭಾವಚಿತ್ರಗಳನ್ನೂ ಹೊರುವ ಮೇಜಾಯಿತು. ಇನ್ನೂರಕ್ಕೂ ಹೆಚ್ಚು ತಂತಿಗಳ ವಾದ್ಯ ಅದು. ಶ್ರುತಿ ಮಾಡಿಸದೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಅಪಸ್ವರದ ಪೆಟ್ಟಿಗೆ. ಹಳೆಯದನ್ನು ಕೊಳ್ಳುವವರಿರಲಿಲ್ಲ. 1950ರ, 60ರ ದಶಕಗಳಲ್ಲಿ ಬ್ರಿಟನ್ನಿನಲ್ಲಿ ಪಿಯಾನೊ ಒಡೆಯುವ ಪಂದ್ಯಗಳೇ ನಡೆದವು. ಎರಡು ತಂಡಗಳು ಸುತ್ತಿಗೆ ಹಿಡಿದು, ಯಾರು ಬೇಗ ಪುಡಿಮಾಡಿ ಸಣ್ಣದೊಂದು ಕಿಂಡಿಯಲ್ಲಿ ತೂರಿಸುತ್ತಾರೋ ಅವರು ಗೆದ್ದಂತೆ. ಮೂರು ವರ್ಷ ಹೊಟ್ಟೆಬಟ್ಟೆ ಕಟ್ಟಿ ಅರ್ಧ ಗಿನಿ ತೆತ್ತ ಯಾವುದೋ ಅಜ್ಜಿ ಅದನ್ನು ಕಂಡಿದ್ದರೆ ಎಂದು ಯೋಚಿಸಿದರೆ ನಗು ಬರುವುದಿಲ್ಲ.

ನಮ್ಮ ದೇಶದಲ್ಲಿ ಈ ತರ್ಕ ಮೋಟಾರು ಲಾರಿಗಳ ಜೊತೆಗೆ ಬಂದಿತು. ಬಾಡಿಗೆದಾರ ಷರತ್ತುಗಳನ್ನೆಲ್ಲ ಪೂರೈಸಿ ಕೊಳ್ಳುವ ಆಯ್ಕೆಯನ್ನು ಚಲಾಯಿಸಿದಾಗಲೇ ಮಾರಾಟವಾಗುತ್ತದೆಂದು ನಮ್ಮ ಸುಪ್ರೀಂ ಕೋರ್ಟು 1964ರಲ್ಲಿ, ಮಾರಾಟ ತೆರಿಗೆಯ ಒಂದು ಮೊಕದ್ದಮೆಯಲ್ಲಿ ಹೇಳಿತು. 1972ರಲ್ಲಿ ಸಂಸತ್ತು ಬಾಡಿಗೆ-ಖರೀದಿಗೆಂದೇ ಒಂದು ಕಾಯಿದೆಯನ್ನು ಅಂಗೀಕರಿಸಿತು. ಅದು ಜಾರಿಗೆ ಬರಲೇ ಇಲ್ಲ, 2005ರಲ್ಲಿ ರದ್ದಾಯಿತು.

ನಮ್ಮ ಹುಡುಗ ತೋರಿಸಿದ ಕಂತು ಮಾತ್ರ ಹೆಲ್ಬಿಯ ಕಂತಲ್ಲ. ಇಎಂಐ ಎಂಬುದು ಸಾಲ. ಕೀಬೋರ್ಡು ಮೊದಲ ದಿನವೇ ಅವನದು, ಸಾಲವೂ ಅಂದಿನಿಂದಲೇ ಅವನದು. ಆರು ತಿಂಗಳ ಮೇಲೆ ಬೇಸರ ಬಂದು ವಾದ್ಯವನ್ನು ಅಂಗಡಿಗೆ ಹೊತ್ತು ಹೋದರೆ ಕಂತು ನಿಲ್ಲುವುದಿಲ್ಲ. ಫೋನಿನ ಮೂಲಕ ಕೊಡುವ ಸಾಲಗಳಿಗೆ ರಿಸರ್ವ್ ಬ್ಯಾಂಕು 2022ರಲ್ಲಿ ಒಂದು ನಿಯಮ ಮಾಡಿತು: ಸಾಲಗಾರನಿಗೆ ಮನಸ್ಸು ಬದಲಿಸಲು ಸ್ವಲ್ಪ ಅವಧಿ ಇರಬೇಕು, ಅದರೊಳಗೆ ಅಸಲನ್ನೂ ಅಷ್ಟು ದಿನದ ಬಡ್ಡಿಯನ್ನೂ ಕಟ್ಟಿ ದಂಡವಿಲ್ಲದೆ ಹೊರಬರಬಹುದು. ಆದರೆ ಅದು ಸಾಲಕ್ಕೆ ಮಾತ್ರ. ಕೀಬೋರ್ಡು ಮನೆಯಲ್ಲಿಯೇ ಇರುತ್ತದೆ.

"ಹಾಗಾದರೆ ಏನು ಮಾಡಲಿ ಅಂತೀರಿ?" ಎಂದ ಹುಡುಗ.

"ಏನೂ ಮಾಡಬೇಡ. ನಾಲ್ಕು ದಿನ ತಡಿ. ಇಂಗ್ಲೆಂಡಿನವರು ಲೆಕ್ಕ ಹಾಕಿದ್ದಾರೆ."

ಗೊಣಗುತ್ತಲೇ ಎದ್ದು ಹೋದ. ಆ ರಾತ್ರಿ ಆಫರು ಮುಗಿಯಿತು. ಬೆಳಗಾಗುವಷ್ಟರಲ್ಲಿ ಅದೇ ಬೆಲೆಗೆ, ಬೇರೊಂದು ಹಬ್ಬದ ಹೆಸರಿನಲ್ಲಿ, ಮತ್ತೆ ಶುರುವಾಗಿತ್ತಂತೆ. ಐದನೆಯ ದಿನ ಅವನ ಫೋನು ಬಂದಿತು. ಕೀಬೋರ್ಡಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ನನ್ನ ಹಳೆಯ ಪಿಟೀಲು ಈಗ ಎಲ್ಲಿದೆಯೆಂದು ಮಾತ್ರ ವಿಚಾರಿಸಿದ.