ಯಂತ್ರವನ್ನು ಹೆತ್ತ ಯಂತ್ರ



ಹುಲಗೂರಿನ ದರ್ಗಾಕ್ಕೆ ಬಂದುಹೋಗುವವರಿಗೆ ಹತ್ತಿರದ ಶಿಶುನಾಳದ ಹೆಸರು ಹೊಸದಲ್ಲ. ಆ ಊರಿನ ಸಂತ ಷರೀಫ ಸಾಹೇಬರು (1819–1889) ಗಿರಣಿಯನ್ನು ಕಂಡು ಅದರ ಮೇಲೆಯೇ ಒಂದು ತತ್ವಪದ ಕಟ್ಟಿ ಹಾಡಿದರೆಂಬುದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಅವರ ಕೊನೆಗಾಲದಲ್ಲೇ, 1885ರಲ್ಲಿ, ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರವೂ ಆರಂಭವಾಯಿತು. ನಮ್ಮ ಸೀಮೆಗೆ ಯಂತ್ರಗಳು ಬಂದ ಕಾಲವದು. ಷರೀಫರು ಗಿರಣಿಯಲ್ಲಿ ಅಧ್ಯಾತ್ಮವನ್ನು ಕಂಡರು. ನಾವು ಅಷ್ಟು ದೊಡ್ಡವರಲ್ಲ, ಆದ್ದರಿಂದ ಒಂದು ಸಣ್ಣ ಪ್ರಶ್ನೆ ಕೇಳೋಣ. ಗಿರಣಿಯ ಯಂತ್ರವನ್ನು ಮಾಡಿದ್ದು ಇನ್ನೊಂದು ಯಂತ್ರ. ಅದನ್ನು ಮಾಡಿದ್ದು ಯಾವುದು? ಅದಕ್ಕೂ ಹಿಂದಿನದನ್ನು?

ಹೀಗೆ ಹಿಂದಕ್ಕೆ ಹೋಗುತ್ತಾ ಹೋದರೆ ಕೊನೆಗೆ ಒಬ್ಬ ಕೆಲಸಗಾರನ ಎರಡು ಕೈಗಳಿಗೆ ಬಂದು ನಿಲ್ಲುತ್ತೇವೆ. ಈ ಲೇಖನ ಆ ಕೈಗಳ ಕುರಿತದ್ದು.

ಕಬ್ಬಿಣದ ಕೆಲಸದವರು ಲೇತ್‌ಗೆ ಯಂತ್ರಗಳ ತಾಯಿ ಎನ್ನುತ್ತಾರೆ. ಲೋಹದ ತುಂಡನ್ನು ತಿರುಗಿಸುತ್ತಾ ಗಟ್ಟಿ ಉಳಿಯಿಂದ ಸುಲಿಯುವ ಈ ಯಂತ್ರದ ಆಧುನಿಕ ರೂಪಕ್ಕೆ ಬುನಾದಿ ಹಾಕಿದವರಲ್ಲಿ ಇಂಗ್ಲೆಂಡಿನ ಹೆನ್ರಿ ಮಾಡ್ಸ್ಲೆ (1771–1831) ಪ್ರಮುಖನು. ಆತ ಕಾಲೇಜು ಕಂಡವನಲ್ಲ. ಹನ್ನೆರಡನೆಯ ವಯಸ್ಸಿಗೆ ವೂಲ್‌ವಿಚ್ ಶಸ್ತ್ರಾಗಾರದಲ್ಲಿ ತೋಟಾಗಳಿಗೆ ಮದ್ದು ತುಂಬುವ ಕೆಲಸಕ್ಕೆ ಸೇರಿದ ಹುಡುಗ. ಅಲ್ಲಿಂದ ಬಡಗಿ ಕೆಲಸಕ್ಕೆ, ಅಲ್ಲಿಂದ ಕುಲುಮೆಗೆ ಹೋದ. 1800ರ ಸುಮಾರಿಗೆ ಆತ ತಿರುಪು ಕೊರೆಯುವ ಲೇತ್ ಸಿದ್ಧಪಡಿಸಿದ. ಅದರಲ್ಲೊಂದು ಒಗಟಿತ್ತು: ನಿಖರವಾದ ತಿರುಪು ಕೊರೆಯಬೇಕಾದರೆ ಲೇತ್‌ನೊಳಗೆ ಮೊದಲೇ ಒಂದು ನಿಖರವಾದ ತಿರುಪು ಇರಬೇಕು! ಅದಕ್ಕಾಗಿ ಮೆತ್ತನೆಯ ಕೊರಡಿನ ಮೇಲೆ ಓರೆಯಾಗಿ ಹಿಡಿದ ಅಲಗಿನಿಂದ ಮೊದಲ ತಿರುಪನ್ನು ಮೂಡಿಸಿಕೊಂಡ. ಅದನ್ನು ತಿದ್ದಿ, ಅದರಿಂದ ಇನ್ನೊಂದು, ಅದನ್ನೂ ತಿದ್ದಿ ಮತ್ತೊಂದು. ತಪ್ಪಿರುವ ಉಪಕರಣದಿಂದಲೇ ತಪ್ಪು ಕಡಿಮೆಯಿರುವ ಉಪಕರಣ ಹುಟ್ಟುತ್ತದೆ ಎಂಬುದು ಯಂತ್ರವಿದ್ಯೆಯ ಮೊದಲ ಪಾಠ.

ಎರಡನೆಯ ಪಾಠ ಇನ್ನೂ ಸ್ವಾರಸ್ಯದ್ದು. ಪೂರ್ತಿ ಸಪಾಟಾದ ಲೋಹದ ಫಲಕವನ್ನು, ಅಳೆಯಲು ಸಪಾಟಾದ ವಸ್ತುವೇ ಇಲ್ಲದಿರುವಾಗ, ಹೇಗೆ ಮಾಡುತ್ತೀರಿ? ಎರಡು ಫಲಕಗಳನ್ನು ಒಂದಕ್ಕೊಂದು ಹೊಂದಿಸುತ್ತೇನೆ ಎಂದರೆ ಮೋಸಹೋಗುತ್ತೀರಿ. ಒಂದು ಉಬ್ಬಿ ಇನ್ನೊಂದು ತಗ್ಗಿದ್ದರೂ ಎರಡೂ ಚೆನ್ನಾಗಿಯೇ ಕೂಡಿಕೊಳ್ಳುತ್ತವೆ. ಆದರೆ ಫಲಕಗಳು ಮೂರಿದ್ದರೆ ಮೋಸ ನಡೆಯದು. ಉಬ್ಬಿದ ಒಂದಕ್ಕೆ ಹೊಂದಿದ ಉಳಿದೆರಡೂ ತಗ್ಗಾಗಿರಬೇಕು. ತಗ್ಗಾದ ಎರಡು ಪರಸ್ಪರ ಹೊಂದುವುದಿಲ್ಲ. ಮೂರೂ ಒಂದಕ್ಕೊಂದು ಕೂಡಿದವೆಂದರೆ ಮೂರೂ ಸಪಾಟು ಎಂದೇ ಅರ್ಥ. ಒಂದಕ್ಕೆ ತೆಳುವಾಗಿ ನೀಲಿ ಬಣ್ಣ ಬಳಿದು ಇನ್ನೊಂದರ ಮೇಲಿಟ್ಟರೆ ಎತ್ತರವಾದ ಕಡೆ ಮಾತ್ರ ಬಣ್ಣ ಹತ್ತುತ್ತದೆ. ಅಲ್ಲಿ ಕೈಯಿಂದ ಹೆರೆಯಬೇಕು, ಮತ್ತೆ ಬಣ್ಣ, ಮತ್ತೆ ಹೆರೆತ. ಮಾಡ್ಸ್ಲೆಯ ಬಳಿ ದುಡಿದ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಈ ವಿಧಾನವನ್ನು ವಿದ್ವಾಂಸರ ಸಭೆಯ ಮುಂದಿಟ್ಟ. ಬೇಕಾದದ್ದು ಮೂರು ತುಂಡು ಬೀಡು ಕಬ್ಬಿಣ ಮತ್ತು ತಾಳ್ಮೆ.

ಇದೆಲ್ಲ ಯುರೋಪಿನಲ್ಲೇ ಹುಟ್ಟಿತೆಂದು ಭಾವಿಸಬೇಡಿ. ಇಂದಿನ ತುರ್ಕಿಯ ದಿಯಾರ್‌ಬಕಿರ್‌ನಲ್ಲಿ ಅರ್ತುಕಿ ಅರಸರ ಆಸ್ಥಾನದಲ್ಲಿದ್ದ ಅಲ್-ಜಝರಿ 1206ರಲ್ಲಿ ತನ್ನ ಯಂತ್ರಗಳ ಗ್ರಂಥವನ್ನು ಮುಗಿಸಿದ. ನೀರೆತ್ತುವ ಸಾಧನ, ಗಡಿಯಾರ, ಕಾರಂಜಿ ಇತ್ಯಾದಿ ಐವತ್ತು ರಚನೆಗಳನ್ನು, ಬೇರೊಬ್ಬ ಕುಶಲಕರ್ಮಿ ಓದಿ ಮಾಡಬಲ್ಲಷ್ಟು ವಿವರವಾಗಿ ಬರೆದಿದ್ದಾನೆ. ಮುಚ್ಚಿದ ಪೆಟ್ಟಿಗೆಯಲ್ಲಿ ಹಸಿ ಮರಳು ತುಂಬಿ ಲೋಹ ಎರೆಯುವ ಕ್ರಮ ಅದರಲ್ಲಿದೆ. ಕವಾಟವನ್ನು ಅದರ ಕುಳಿಯಲ್ಲಿ ಎಮರಿ ಪುಡಿ ಹಾಕಿ ತಿಕ್ಕಿ, ಹನಿ ನೀರೂ ಸೋರದಂತೆ ಕೂಡಿಸುವ ರೀತಿಯೂ ಇದೆ. ನಮ್ಮ ಗ್ಯಾರೇಜುಗಳಲ್ಲಿ ಇಂಜಿನ್ನಿನ ವಾಲ್ವ್ ತಿಕ್ಕುವ ಹುಡುಗ ಮಾಡುವುದು ಅದನ್ನೇ. ಆದರೆ ಅವನಿಗೆ ಇದನ್ನು ಯಾರೂ ಹೇಳಿಲ್ಲ.

ಈಗ ನಮ್ಮ ನಾಡಿಗೆ ಬರೋಣ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ತೆರೆದದ್ದು ಒಂದು ಸೈಕಲ್ ಅಂಗಡಿ. ಆಮೇಲೆ ಮೇವು ಕತ್ತರಿಸುವ ಯಂತ್ರ, 1903ರಲ್ಲಿ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಮೊದಮೊದಲು ಮುಟ್ಟಲೂ ಹಿಂಜರಿದರು. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧದ ಅರಸರು ನೆಲ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಎರಡನೆಯ ಮಹಾಯುದ್ಧದಿಂದ ವಿದೇಶಿ ಯಂತ್ರಗಳ ಆಮದು ಕುಂಠಿತವಾಗಿದ್ದ 1941ರಲ್ಲಿ, ಮೈಸೂರು ಸಂಸ್ಥಾನದ ಗಡಿಯಾಗಿದ್ದ ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾಗಿ ಲೇತ್‌ಗಳನ್ನು ತಯಾರಿಸಿತು. ನಮ್ಮ ಜಿಲ್ಲೆಯ ಮೇಲೆ ಹಾದುಹೋಗುವ ರೈಲು ಹಳಿಯ ಒಂದು ಕಡೆ ಹುಬ್ಬಳ್ಳಿಯ ಕಾರ್ಯಾಗಾರ, ಇನ್ನೊಂದು ಕಡೆ ಹರಿಹರದ ಲೇತ್ ಕಾರ್ಖಾನೆ. 2000ದ ದಶಕದ ಆರಂಭದಲ್ಲಿ ಆ ಕಾರ್ಖಾನೆ ಮುಚ್ಚಿತು. ಅದರ ಲೇತ್‌ಗಳು ಮಾತ್ರ ಸಣ್ಣ ವರ್ಕ್‌ಶಾಪುಗಳಲ್ಲಿ ಕೈಯಿಂದ ಕೈಗೆ ದಾಟುತ್ತಾ ಉಳಿದವು.

ಕಾರ್ಖಾನೆಯಿಲ್ಲದೆ, ಬಂಡವಾಳವಿಲ್ಲದೆ, ಮನೆಯ ಹಿತ್ತಿಲಲ್ಲಿ ಇದು ಸಾಧ್ಯವೇ? ಅಮೆರಿಕದ ಡೇವಿಡ್ ಗಿಂಗೆರಿ ಎಂಬಾತ 1980ರ ಸುಮಾರಿಗೆ ಏಳು ಸಣ್ಣ ಪುಸ್ತಕಗಳ ಮಾಲೆಯನ್ನು ಆರಂಭಿಸಿ ಇದನ್ನು ತೋರಿಸಿದ. ಮೊದಲ ಪುಸ್ತಕ ಕುಲುಮೆಯದು: ಬಕೆಟ್ಟಿಗೆ ಒಳಗಿನಿಂದ ಬೆಂಕಿ ತಾಳುವ ಮಣ್ಣು ಮೆತ್ತಿ, ಇದ್ದಿಲು ತುಂಬಿ, ಗಾಳಿ ಊದಿಸುವುದು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಗುಜರಿಯ ಹಳೆಯ ಪಿಸ್ಟನ್ನುಗಳೇ ಸಾಕು. (ಬೀಡು ಕಬ್ಬಿಣಕ್ಕೆ 1,150 ಡಿಗ್ರಿಗೂ ಹೆಚ್ಚು ಶಾಖ ಬೇಕು, ಆ ಗೋಜಿಗೆ ಮೊದಲೇ ಹೋಗಬಾರದು.) ಕಟ್ಟಿಗೆಯಲ್ಲಿ ಮಾದರಿ ಕೆತ್ತಿ, ಹಸಿ ಮರಳಲ್ಲಿ ಅಚ್ಚೊತ್ತಿ ಎರೆದರೆ ಲೇತ್‌ನ ಭಾಗಗಳು ಸಿದ್ಧ. ಉಕ್ಕಿನ ಪಟ್ಟಿಯ ಬೆಡ್ಡನ್ನು ಕೈಯಿಂದಲೇ ಹೆರೆದು ಸಪಾಟು ಮಾಡುವುದು. ಹೆಡ್‌ಸ್ಟಾಕಿನ ರಂಧ್ರವನ್ನು ಅದೇ ಬೆಡ್ಡಿನ ಮೇಲೆ ಕೂಡಿಸಿಯೇ ಕೊರೆಯುವುದರಿಂದ ಅದು ಬೆಡ್ಡಿಗೆ ನೇರವಾಗಿ ಬರುತ್ತದೆ. ಅರ್ಧ ಮುಗಿದ ಲೇತ್ ತನ್ನ ಉಳಿದ ಭಾಗಗಳನ್ನು ತಾನೇ ಮಾಡಿಕೊಳ್ಳುತ್ತದೆ. ಮುಂದೆ ಅದರಿಂದ ಶೇಪರ್, ಮಿಲ್ಲಿಂಗ್ ಯಂತ್ರ, ಡ್ರಿಲ್ಲಿಂಗ್ ಯಂತ್ರ.

ಇದರಿಂದ ಹಣ ಉಳಿಯುತ್ತದೆಂದು ನಾನು ಹೇಳಲಾರೆ. ತಿಂಗಳುಗಟ್ಟಲೆ ದುಡಿಮೆ ಲೆಕ್ಕ ಹಾಕಿದರೆ ಹಳೆಯ ಲೇತ್ ಕೊಳ್ಳುವುದೇ ಲಾಭ. ನನ್ನ ಚಿಂತೆ ಬೇರೆ. ನಮ್ಮ ಮನೆಗಳಲ್ಲಿ "ಓದದಿದ್ದರೆ ಗ್ಯಾರೇಜಿಗೆ ಹಾಕ್ತೀನಿ ನೋಡು" ಎಂದು ಮಕ್ಕಳನ್ನು ಹೆದರಿಸುತ್ತೇವೆ. ನಾನೂ ಹೆದರಿಸಿದವನೇ. ಇದರಿಂದ ಓದುವ ಹುಡುಗನಿಗೆ ಕೈಕೆಲಸವೆಂದರೆ ನಾಚಿಕೆ, ಗ್ಯಾರೇಜಿನ ಹುಡುಗನಿಗೆ ಪುಸ್ತಕವೆಂದರೆ ಭಯ. ಡಿಪ್ಲೊಮಾ ಮುಗಿಸಿದವನು ಅರ ಹಿಡಿಯಲು ಬಾರದೆ ನಿಲ್ಲುತ್ತಾನೆ. ಹತ್ತು ವರ್ಷ ಲೇತ್ ನಡೆಸಿದವನು ನಕ್ಷೆ ಓದಲು ಬಾರದೆ ಸಹಾಯಕನಾಗಿಯೇ ಉಳಿಯುತ್ತಾನೆ. ಮಾಡ್ಸ್ಲೆಯಾಗಲಿ ಅಲ್-ಜಝರಿಯಾಗಲಿ ಈ ಗೋಡೆಯನ್ನು ಅರಿಯರು. ನಮ್ಮ ಹಿರಿಯರ ಬಾಯಲ್ಲೂ ಅದು ಇರಲಿಲ್ಲ: ಮಕ್ಕಳು ಓದುವ ಜಾಗವೂ ಸಾಲಿ, ಕುಡಗೋಲು ತಟ್ಟುವ ಜಾಗವೂ ಕಮ್ಮಾರಸಾಲಿ.

ವಿದ್ಯಾರ್ಥಿ ಮಿತ್ರರೇ, ಆಸಕ್ತಿಯಿದ್ದರೆ ಕುಲುಮೆಯಿಂದ ಆರಂಭಿಸಬೇಡಿ. ಕರಗಿದ ಲೋಹಕ್ಕೆ ತೇವವಿರುವ ಗುಜರಿ ಬಿದ್ದರೆ ನೀರು ಕ್ಷಣದಲ್ಲಿ ಆವಿಯಾಗಿ ಲೋಹವನ್ನು ಮುಖಕ್ಕೇ ಸಿಡಿಸುತ್ತದೆ. ಅದನ್ನು ಬಲ್ಲವರ ಬಳಿ ನಿಂತು ಕಲಿಯಬೇಕು. ಗೇಣುದ್ದದ ಮೂರು ಬೀಡು ಫಲಕಗಳನ್ನು ಗುಜರಿ ಅಂಗಡಿಯಿಂದ ತನ್ನಿ. ಹಳೆಯ ಅರದ ತುದಿಯನ್ನು ಸಾಣೆ ಹಿಡಿಸಿದರೆ ಹೆರೆಯುವ ಉಳಿಯಾಗುತ್ತದೆ. ಒಂದು ಡಬ್ಬಿ ನೀಲಿ ಬಣ್ಣ. ಫಲಕಗಳಿಗೆ ಒಂದು, ಎರಡು, ಮೂರು ಎಂದು ಗುರುತು ಹಾಕಿಕೊಳ್ಳಿ, ಅದಲುಬದಲಾದರೆ ಲೆಕ್ಕ ತಪ್ಪುತ್ತದೆ. ಮೊದಲ ವಾರ ಅಂಗೈಯಲ್ಲಿ ಬೊಬ್ಬೆ ಏಳುತ್ತವೆ, ಫಲಕದಲ್ಲಿ ಏನೂ ಕಾಣುವುದಿಲ್ಲ. ಆಮೇಲೆ ನೀಲಿ ಚುಕ್ಕೆಗಳು ಒಂದೊಂದಾಗಿ ಹೆಚ್ಚತೊಡಗುತ್ತವೆ.