ಗೇಟು ಮಾಡುತ್ತಿದ್ದ ಊರು: ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಂಪನಿಯ ಏಳುಬೀಳು

ತುಂಗಭದ್ರಾ ಅಣೆಕಟ್ಟೆಯ ನೆತ್ತಿಯ ಮೇಲೆ 33 ಕ್ರೆಸ್ಟ್ ಗೇಟುಗಳಿವೆ. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಜಲಾಶಯ ತುಂಬಿ ನೀರು ಗೇಟಿನ ಮೇಲಂಚು ಮುಟ್ಟಿದಾಗ ಒಂದು ಗೇಟು ತಡೆದು ನಿಲ್ಲಿಸುವ ಒತ್ತಡವನ್ನು ಲೆಕ್ಕ ಹಾಕಿದರೆ ಸುಮಾರು 340 ಟನ್ ಆಗುತ್ತದೆ. ಅಷ್ಟು ಭಾರಕ್ಕೆ ಅದು ಬಾಗಬಾರದು, ಅಂಚಿನಲ್ಲಿ ಸೋರಬಾರದು. ಹೊಳೆ ಉಕ್ಕಿ ಬಂದ ರಾತ್ರಿ ತಕರಾರಿಲ್ಲದೆ ಮೇಲೇಳಬೇಕು, ಮಳೆ ನಿಂತ ಮೇಲೆ ಅಷ್ಟೇ ಸಲೀಸಾಗಿ ಕೆಳಗಿಳಿಯಬೇಕು. ಈ ಅಣೆಕಟ್ಟೆಯ ಬಗ್ಗೆ ಬರೆದವರು ಕಲ್ಲು-ಗಾರೆಯ ಬಗ್ಗೆ ಬರೆದಿದ್ದಾರೆ, ಮುಳುಗಡೆಯಾದ ಹಳ್ಳಿಗಳ ಬಗ್ಗೆ, ನೀರಿನ ಪಾಲಿನ ಜಗಳದ ಬಗ್ಗೆ ಬರೆದಿದ್ದಾರೆ. ಉಕ್ಕಿನ ಗೇಟಿನ ಬಗ್ಗೆ ಬರೆದದ್ದು ಕಡಿಮೆ. ಆ ಗೇಟುಗಳನ್ನು ಮಾಡುವುದನ್ನೇ ಕಸುಬಾಗಿಸಿಕೊಂಡಿದ್ದ ಒಂದು ಕಂಪನಿ ಹೊಸಪೇಟೆಯಲ್ಲಿತ್ತು ಎಂಬುದನ್ನು ಬರೆದದ್ದು ಇನ್ನೂ ಕಡಿಮೆ.

ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಲಿಮಿಟೆಡ್, ಊರಿನವರ ಬಾಯಲ್ಲಿ ಟಿಎಸ್‌ಪಿ, 1960ರಲ್ಲಿ ನೋಂದಣಿಯಾಯಿತು. 2015ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಅದನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಸರ್ಕಾರಿ ಕಂಪನಿ, ನಷ್ಟಕ್ಕೆ ಬಿತ್ತು, ಬಾಗಿಲು ಹಾಕಿತು ಎಂಬ ಒಂದು ಸಾಲಿನ ವಿವರಣೆ ಇದಕ್ಕೂ ಸಿಕ್ಕಿದೆ. ಆ ವಿವರಣೆಯಲ್ಲಿ ಸುಳ್ಳಿಲ್ಲ. ಆದರೆ ಟಿಎಸ್‌ಪಿ ನಷ್ಟಕ್ಕೆ ಬಿದ್ದ ಬಗೆಯನ್ನು ನೋಡಿದರೆ ಅದರ ಗಿರಾಕಿಯ ಚರಿತ್ರೆಯನ್ನೂ ಓದಬೇಕಾಗುತ್ತದೆ. ಗೇಟು ಕೊಂಡದ್ದು ಸರ್ಕಾರಗಳೇ. ಕೊಂಡ ಗೇಟನ್ನು ಸುಸ್ಥಿತಿಯಲ್ಲಿಡುವ ಕೆಲಸವನ್ನು ಅವು ಹಣ ಕೊಟ್ಟು ಮಾಡಿಸಬೇಕಾದ ಕೆಲಸವೆಂದು ಬಗೆಯಲಿಲ್ಲ. ಈ ಲೇಖನದ ವಾದ ಇಷ್ಟೇ: ಕಂಪನಿ ಸೋತದ್ದು ಈ ಜಾಗದಲ್ಲಿ.

ತುಂಗಭದ್ರೆಯ ಈ ದಂಡೆಗೆ ನೀರಿನ ಯಂತ್ರಕೌಶಲ ಹೊಸದಲ್ಲ. ವಿಜಯನಗರದ ಅರಸರ ಕಾಲದ ಅಣೆಗಳು, ತುರ್ತು ಕಾಲುವೆ, ರಾಯ ಕಾಲುವೆ, ಬಸವಣ್ಣ ಕಾಲುವೆಗಳು ಹಂಪಿ, ಕಮಲಾಪುರ, ಹೊಸಪೇಟೆಯ ಗದ್ದೆ-ತೋಟಗಳಿಗೆ ಇಂದಿಗೂ ನೀರುಣಿಸುತ್ತಿವೆ. ಕೃಷ್ಣದೇವರಾಯನ ಕೆರೆ ಕಟ್ಟುವ ಕೆಲಸಕ್ಕೆ ಪೋರ್ಚುಗೀಸ್ ಕಲ್ಲುಕೆಲಸದವನೊಬ್ಬ ನೆರವಾದನೆಂದು ಪ್ರವಾಸಿ ನೂನಿಜ್ ಬರೆದಿಟ್ಟಿದ್ದಾನೆ. ಹೊರಗಿನ ತಜ್ಞನನ್ನು ಕರೆಸುವ ಪದ್ಧತಿ ಅಷ್ಟು ಹಳೆಯದು. ಇದನ್ನು ಹೇಳಿದ್ದು ಟಿಎಸ್‌ಪಿಗೆ ಐನೂರು ವರ್ಷದ ವಂಶಾವಳಿ ಕಟ್ಟಲು ಅಲ್ಲ. ಹಳೆಯ ಅಣೆಗಳು ಹೊಳೆಗೆ ಅಡ್ಡ ಹಾಕಿದ ಕಲ್ಲಿನ ತಡೆಗಳು, ಹೆಚ್ಚಾದ ನೀರು ಅವುಗಳ ಮೇಲೇ ಹರಿದುಹೋಗುತ್ತಿತ್ತು. ಜಲಾಶಯದ ಮೇಲಿನ 20 ಅಡಿ ನೀರನ್ನು ಅಲುಗಾಡುವ ಉಕ್ಕಿನ ಮೇಲೆ ನಿಲ್ಲಿಸುವುದು ಬೇರೆಯೇ ಜಾತಿಯ ವಿದ್ಯೆ. ಅದು ಇಲ್ಲಿಗೆ ಬಂದದ್ದು ಅಣೆಕಟ್ಟೆಯ ಜೊತೆಗೆ.

ಅಣೆಕಟ್ಟೆಗೆ 1945ರ ಫೆಬ್ರುವರಿ 28ರಂದು ಶಂಕುಸ್ಥಾಪನೆ ನಡೆದಾಗ ಹೊಳೆಯ ಒಂದು ದಡ ನಿಜಾಮರದು, ಇನ್ನೊಂದು ಮದರಾಸು ಪ್ರಾಂತ್ಯದ್ದು. ಹೈದರಾಬಾದ್ ಕಡೆಯಲ್ಲಿ ಬೇರಾರ್ ರಾಜಕುಮಾರ, ಮದರಾಸು ಕಡೆಯಲ್ಲಿ ಗವರ್ನರ್ ಸರ್ ಆರ್ಥರ್ ಹೋಪ್ ಕಲ್ಲಿಟ್ಟರು. 1953ರಲ್ಲಿ ನೀರು ನಿಲ್ಲುವ ಹೊತ್ತಿಗೆ ಎರಡೂ ಆಡಳಿತಗಳು ಆ ರೂಪದಲ್ಲಿ ಉಳಿದಿರಲಿಲ್ಲ. ಮದರಾಸಿನಿಂದ ಆಂಧ್ರ ಬೇರೆಯಾಯಿತು, ಬಳ್ಳಾರಿಯ ಬಹುಭಾಗ ಮೈಸೂರಿಗೆ ಸೇರಿತು, ಅಣೆಕಟ್ಟೆಯನ್ನು ನೋಡಿಕೊಳ್ಳಲು ತುಂಗಭದ್ರಾ ಮಂಡಳಿ ರಚನೆಯಾಯಿತು. ಸಿಮೆಂಟಿನ ಬದಲು ಸುರ್ಕಿ ಗಾರೆಯಲ್ಲಿ ಕಲ್ಲು ಕಟ್ಟಿದ ಈ ಅಣೆಕಟ್ಟೆಯಲ್ಲಿ ಉಕ್ಕಿನ ಭಾಗಗಳೇ ಆಧುನಿಕ ಎನ್ನಬಹುದಾದವು. ಅವುಗಳನ್ನು ಕತ್ತರಿಸುವ, ಬೆಸೆಯುವ, ಕೂರಿಸುವ ಕೈಗಳು ವರ್ಷಗಟ್ಟಲೆ ಒಂದೇ ಕಡೆ ಕೆಲಸ ಮಾಡಿ ಪಳಗಿದ್ದವು. ಕಟ್ಟುವ ಕೆಲಸ ಮುಗಿದ ಮೇಲೆ ಈ ಕೈಗಳನ್ನು ಏನು ಮಾಡುವುದು?

ಮೈಸೂರು ಮತ್ತು ಆಂಧ್ರಪ್ರದೇಶ ಸರ್ಕಾರಗಳು 1960ರಲ್ಲಿ ಜಂಟಿಯಾಗಿ ಕಂಪನಿ ಸ್ಥಾಪಿಸಿದ್ದು ಈ ಪ್ರಶ್ನೆಗೆ ಕೊಟ್ಟ ಉತ್ತರವೆಂದೇ ನಾನು ಓದುತ್ತೇನೆ. ನೀರಿನ ಪಾಲಿಗಾಗಿ ಕಚ್ಚಾಡುತ್ತಿದ್ದ ಎರಡು ರಾಜ್ಯಗಳು ಗೇಟು ಮಾಡುವ ಕಾರ್ಖಾನೆಗೆ ಕೂಡಿ ಬಂಡವಾಳ ಹಾಕಿದವು. ಆ ಕಾಲದ ಉತ್ಸಾಹಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಹುಡುಕಬೇಕಿಲ್ಲ. 1967ರಲ್ಲಿ ಅದು ಕೇಂದ್ರ ಸರ್ಕಾರದ ಉದ್ಯಮವಾಯಿತು. ಎರಡು ರಾಜ್ಯಗಳು ಸಣ್ಣ ಪಾಲುದಾರರಾಗಿ ಉಳಿದವು.

ಗೇಟು ಮಾಡುವುದೆಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳದಿದ್ದರೆ ಮುಂದಿನ ಕಥೆ ಅರ್ಥವಾಗದು. ಗೇಟು ಅಂಗಡಿಯಲ್ಲಿಟ್ಟು ಮಾರುವ ಸರಕಲ್ಲ. ಪ್ರತಿ ಅಣೆಕಟ್ಟೆಯ ತೆರವು ಬೇರೆ, ನೀರಿನ ಎತ್ತರ ಬೇರೆ, ಎತ್ತುವ ವ್ಯವಸ್ಥೆ ಬೇರೆ. ಮೊದಲು ವಿನ್ಯಾಸ, ಆಮೇಲೆ ನಕ್ಷೆಗೆ ಇಲಾಖೆಯ ಒಪ್ಪಿಗೆ, ಆಮೇಲೆ ಪ್ಲೇಟು ತರಿಸಿ ಕತ್ತರಿಸಿ ವೆಲ್ಡಿಂಗ್. ಇಷ್ಟು ದೊಡ್ಡದು ಲಾರಿಯಲ್ಲಿ ಇಡಿಯಾಗಿ ಹೋಗುವುದಿಲ್ಲ, ತುಂಡುಗಳಾಗಿ ಹೋಗಿ ಅಣೆಕಟ್ಟೆಯ ಮೇಲೆ ಮತ್ತೆ ಕೂಡಬೇಕು. ಕಲ್ಲಿನ ಕಂಬಗಳಲ್ಲಿ ಹುದುಗಿಸಿದ ಹಳಿಗಳು ಕೂದಲೆಳೆಯಷ್ಟು ವಾಲಿದರೂ ಚಕ್ರ ಸಿಕ್ಕಿಕೊಳ್ಳುತ್ತದೆ, ರಬ್ಬರ್ ಸೀಲು ಸೋರುತ್ತದೆ. ತುಂಗಭದ್ರೆಯ ಗೇಟುಗಳು ಚೈನಿನಲ್ಲಿ ತೂಗುವಂಥವು. ಚೈನಿನ ಇನ್ನೊಂದು ತುದಿಯಲ್ಲಿ ಸಮತೂಕದ ಭಾರ ಇರುವುದರಿಂದ ಸಣ್ಣ ಮೋಟಾರೂ ದೊಡ್ಡ ಗೇಟನ್ನು ಎತ್ತಬಲ್ಲದು. ಬಾವಿಯ ಏತದ ತತ್ವವೇ ಇದು, ಉಕ್ಕಿನಲ್ಲಿ. ಜಾಣತನದ ವಿನ್ಯಾಸ. ಆದರೆ ಇಡೀ ಗೇಟಿನ ಹಣೆಬರಹವನ್ನು ಚೈನಿನ ಕೊಂಡಿಗಳ ಮೇಲೆ ಬರೆದಿಟ್ಟ ವಿನ್ಯಾಸವೂ ಹೌದು.

ಈ ವಿನ್ಯಾಸ, ತಯಾರಿ, ಜೋಡಣೆ ಮೂರನ್ನೂ ಒಂದೇ ಸೂರಿನಡಿ ತಂದದ್ದು ಟಿಎಸ್‌ಪಿಯ ಗೆಲುವು. ಗೇಟುಗಳ ಜೊತೆಗೆ ಅವನ್ನೆತ್ತುವ ಹಾಯ್ಸ್ಟ್‌ಗಳು, ವಿದ್ಯುದಾಗಾರಕ್ಕೆ ನೀರೊಯ್ಯುವ ಪೆನ್‌ಸ್ಟಾಕ್ ಕೊಳವೆಗಳು, ಗ್ಯಾಂಟ್ರಿ ಕ್ರೇನುಗಳನ್ನೂ ಅದು ಮಾಡಿತು. ದೇಶವೇ ಅಣೆಕಟ್ಟೆ ಕಟ್ಟಲು ಹೊರಟಿದ್ದ ಅರುವತ್ತು-ಎಪ್ಪತ್ತರ ದಶಕಗಳಲ್ಲಿ ವಿದೇಶಿ ವಿನಿಮಯದ ಅಭಾವ ವಿಪರೀತವಾಗಿತ್ತು. ಆಗ ಇಂಥ ಸಾಮಾನು ಹೊಸಪೇಟೆಯಂಥ ಊರಿನಲ್ಲಿ ತಯಾರಾಗುತ್ತಿದ್ದುದು ಸಣ್ಣ ಸಂಗತಿಯಲ್ಲ. ಆದರೂ ಇದನ್ನು ಉತ್ಪ್ರೇಕ್ಷಿಸುವ ಅಗತ್ಯವಿಲ್ಲ. ಕಂಪನಿಯ ಗೆಲುವಿನ ಅರ್ಧ ಭಾಗ ಆ ಕಾಲದ್ದು: ಗಿರಾಕಿ ತಾನಾಗಿ ಬರುತ್ತಿದ್ದ, ಎದುರಾಳಿಗಳು ವಿರಳ.

ಎದುರಾಳಿಯನ್ನು ಸರ್ಕಾರವೇ ತಂದುಕೊಟ್ಟಿತು. 1965ರಲ್ಲಿ ಅಲಹಾಬಾದಿನ ಪಕ್ಕದ ನೈನಿಯಲ್ಲಿ ತ್ರಿವೇಣಿ ಸ್ಟ್ರಕ್ಚರಲ್ಸ್ ಆರಂಭವಾಯಿತು. ಅದೂ ಉಕ್ಕಿನ ಭಾರಿ ರಚನೆಗಳ ಕಂಪನಿಯೇ. 1986ರಲ್ಲಿ ಭಾರತ್ ಯಂತ್ರ ನಿಗಮ ಎಂಬ ಮಾತೃಸಂಸ್ಥೆ ಹುಟ್ಟಿ ಟಿಎಸ್‌ಪಿ, ತ್ರಿವೇಣಿ, ವಿಶಾಖಪಟ್ಟಣದ ಬಿಎಚ್‌ಪಿವಿ, ರಿಚರ್ಡ್‌ಸನ್ ಅಂಡ್ ಕ್ರುಡಾಸ್, ಬ್ರಿಡ್ಜ್ ಅಂಡ್ ರೂಫ್, ಭಾರತ್ ಪಂಪ್ಸ್ ಎಲ್ಲವೂ ಅದರ ತೆಕ್ಕೆಗೆ ಹೋದವು. ನಿಗಮದ ಕಚೇರಿ ಅಲಹಾಬಾದಿನಲ್ಲಿ. ಒಂದೇ ಬಗೆಯ ಕೆಲಸಕ್ಕೆ ಕೈಚಾಚುವ ಕಂಪನಿಗಳನ್ನು ಒಂದು ಚಾವಣಿಯಡಿ ತಂದರೆ ಕೆಲಸ ಹಂಚಿಕೊಂಡಾವು ಎಂಬ ಎಣಿಕೆ ಇದ್ದಿರಬೇಕು. ಟಿಎಸ್‌ಪಿಯ ಮಟ್ಟಿಗೆ ಅದರಿಂದ ಆದದ್ದು ಇಲಾಖೆಗೂ ಕಂಪನಿಗೂ ನಡುವೆ ಇನ್ನೊಂದು ಮೇಜು ಬಂದದ್ದು. ತೀರ್ಮಾನ ಆಗಬೇಕಾದ ಸ್ಥಳ ತುಂಗಭದ್ರೆಯಿಂದ ಗಂಗೆಯ ದಡಕ್ಕೆ ಸರಿಯಿತು.

ಇಷ್ಟರಲ್ಲಿ ಕಾಲ ಬದಲಾಗಿತ್ತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ, ಮುಳುಗಡೆಯ ವಿರುದ್ಧ ಎದ್ದ ಚಳವಳಿಗಳು, ಬರಿದಾದ ರಾಜ್ಯಗಳ ಬೊಕ್ಕಸ, ಇವೆಲ್ಲ ಸೇರಿ ದೊಡ್ಡ ಅಣೆಕಟ್ಟೆಗಳ ವೇಗ ತಗ್ಗಿತು. ಇದ್ದ ಕೆಲಸವೂ ಕೈಗೆ ಹತ್ತದಂಥದ್ದು. ಈ ಕಸುಬಿನಲ್ಲಿ ಹಣ ಹಂತಹಂತವಾಗಿ ಬರುತ್ತದೆ, ಕೊನೆಯ ಕಂತು ಗೇಟು ಕೂರಿಸಿ ಪರೀಕ್ಷೆ ಮಾಡಿದ ಮೇಲೆ. ಕಲ್ಲು-ಕಾಂಕ್ರೀಟಿನ ಕೆಲಸ ಮಾಡುವ ಗುತ್ತಿಗೆದಾರ ಎರಡು ವರ್ಷ ತಡ ಮಾಡಿದರೆ ಗೇಟಿನ ತುಂಡುಗಳು ಅಂಗಳದಲ್ಲಿ ಬಿದ್ದಿರುತ್ತವೆ. ಉಕ್ಕಿಗೆ ಕೊಟ್ಟ ಹಣಕ್ಕೆ ಬಡ್ಡಿ ಬೆಳೆಯುತ್ತದೆ, ತಡವಾಯಿತೆಂದು ದಂಡ ಮಾತ್ರ ಗೇಟಿನವನಿಗೆ ಬೀಳುತ್ತದೆ. ತೊಂಬತ್ತರ ದಶಕದಿಂದ ಕಡಿಮೆ ದರದವನಿಗೇ ಟೆಂಡರು ಎಂಬ ನಿಯಮ ಬಿಗಿಯಾದಂತೆ, ಕಾಯಂ ನೌಕರರು, ಕಾಲೊನಿ, ಭವಿಷ್ಯನಿಧಿಯ ಹೊಣೆಯಿಲ್ಲದ ಖಾಸಗಿ ಫ್ಯಾಬ್ರಿಕೇಟರುಗಳ ಎದುರು ಟಿಎಸ್‌ಪಿ ನಿಲ್ಲುವುದು ಕಷ್ಟವಾಯಿತು. ಕಂಪನಿಯ ಒಳಗಿನ ಜಡತೆಯನ್ನು ಇದರಿಂದ ಮರೆಮಾಚಲಾಗದು. ಹೊಸ ಯಂತ್ರ, ಹೊಸ ಸರಕು, ಹೊಸ ಗಿರಾಕಿಗಳ ಕಡೆ ಅದು ಹೊರಳಬೇಕಾದ ಹೊತ್ತಿನಲ್ಲಿ ಹೊರಳಲಿಲ್ಲ.

ಆದರೆ ಅದಕ್ಕೆ ಸಹಜವಾಗಿ ಸಲ್ಲಬೇಕಿದ್ದ ಒಂದು ದೊಡ್ಡ ಕೆಲಸವಿತ್ತು. ದೇಶದ ತುಂಬ ಸಾವಿರಾರು ಗೇಟುಗಳು ಮುದಿಯಾಗುತ್ತಿದ್ದವು. ಗೇಟಿನ ಆಯುಸ್ಸು ಸುಮಾರು 45-50 ವರ್ಷ ಎನ್ನುವುದು ಈ ಕಸುಬಿನವರ ಮಾತು. ಆ ಲೆಕ್ಕದಲ್ಲಿ ಐವತ್ತರ ದಶಕದಲ್ಲಿ ಕೂರಿಸಿದ ಗೇಟುಗಳ ಸರದಿ 2000ದ ಆಸುಪಾಸಿಗೆ ಬಂದಿತ್ತು. ಪ್ಲೇಟಿನ ದಪ್ಪ ಅಳೆಯುವುದು, ತುಕ್ಕು ಕೆರೆದು ಬಣ್ಣ ಬಳಿಯುವುದು, ಚೈನಿನ ಕೊಂಡಿ ಬದಲಿಸುವುದು, ಕೊನೆಗೆ ಗೇಟನ್ನೇ ಬದಲಿಸುವುದು: ಇದೊಂದು ಮುಗಿಯದ ಉದ್ಯೋಗ. ಇದನ್ನು ನಿಯಮಿತವಾಗಿ ಕೊಳ್ಳುವ ಗಿರಾಕಿ ಇರಲಿಲ್ಲ. ನೀರಾವರಿ ಇಲಾಖೆಗಳ ಬಜೆಟ್ಟಿನಲ್ಲಿ ಹೊಸ ಕಾಮಗಾರಿಗೆ ಸಿಕ್ಕ ಜಾಗ ಹಳೆಯದರ ದುರಸ್ತಿಗೆ ಸಿಗಲಿಲ್ಲ. ಹೊಸ ಕಾಮಗಾರಿಗೆ ಶಿಲಾಫಲಕವಿರುತ್ತದೆ, ಕೊಂಡಿ ಬದಲಿಸಿದ್ದಕ್ಕೆ ಯಾರು ಫಲಕ ಹಾಕಿಸುತ್ತಾರೆ?

ಅದೇ ವರ್ಷಗಳಲ್ಲಿ ಹೊಸಪೇಟೆ ಹಣದ ಹೊಳೆ ಕಂಡಿತು. ಸಂಡೂರಿನ ಅದಿರು ಲಾರಿಗಳಲ್ಲಿ, ರೈಲುಗಳಲ್ಲಿ ಬಂದರು ಸೇರಿ ಚೀನಾಕ್ಕೆ ಹೋಗುತ್ತಿದ್ದ ಕಾಲ. 30-35 ಕಿಲೋಮೀಟರ್ ದೂರದ ತೋರಣಗಲ್ಲಿನಲ್ಲಿ ಜಿಂದಾಲ್ ಕಾರ್ಖಾನೆ ಬೆಳೆಯುತ್ತಿತ್ತು. ಮಣ್ಣನ್ನು ಮಣ್ಣಾಗಿಯೇ ಮಾರಿದವರು ಬಂಗಲೆ ಕಟ್ಟಿಸಿದರು. ಅದರಿಂದಾದ ಉಕ್ಕಿಗೆ ನಕ್ಷೆ ಬರೆದು ರೂಪ ಕೊಡಬಲ್ಲವರ ಕಾರ್ಖಾನೆ ಸೊರಗಿತು. ಈ ವೈರುಧ್ಯದಲ್ಲಿ ಕಾರ್ಯಕಾರಣ ಹುಡುಕುವುದು ಅತಿಯಾದೀತು, ಗಣಿಯವರು ಟಿಎಸ್‌ಪಿಯನ್ನು ಮುಳುಗಿಸಲಿಲ್ಲ. ಆದರೂ ಅಕ್ರಮ ಗಣಿಗಾರಿಕೆ ಕುರಿತ 2011ರ ಲೋಕಾಯುಕ್ತ ವರದಿಯ ನೆಪದಲ್ಲಿ ನಡೆದ ಅಷ್ಟೆಲ್ಲ ಚರ್ಚೆಯಲ್ಲಿ, ಈ ನೆಲದ ಲೋಹದಿಂದ ಈ ಊರಿನ ಕೈಗಳು ಏನು ಮಾಡಬಲ್ಲವು ಎಂಬ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ಮುಚ್ಚುವಿಕೆ ಸದ್ದಿಲ್ಲದೆ ನಡೆಯಿತು. ಕಂಪನಿಯನ್ನು ಮುಚ್ಚುವ ನಿರ್ಧಾರವಾದ ಮರುತಿಂಗಳೇ, 2016ರ ಜನವರಿಯಲ್ಲಿ, ಎಚ್‌ಎಂಟಿ ವಾಚಸ್ ಮುಚ್ಚಲೂ ಸಂಪುಟ ಒಪ್ಪಿತು. ಎಚ್‌ಎಂಟಿಗಾಗಿ ನಾಡಿನ ಪತ್ರಿಕೆಗಳು ಪುಟಗಟ್ಟಲೆ ಮರುಗಿದವು, ಅದು ನ್ಯಾಯವೂ ಆಗಿತ್ತು. ಟಿಎಸ್‌ಪಿಯ ಸರಕನ್ನು ಯಾರೂ ಮುಂಗೈಗೆ ಕಟ್ಟಿಕೊಂಡಿರಲಿಲ್ಲ. ನೌಕರರಿಗೆ ಸ್ವಯಂನಿವೃತ್ತಿಯ ಹಣ ಸಂದಿತು. ಆಮೇಲೆ ಉಳಿದದ್ದು ಜಮೀನಿನ ವಿಲೇವಾರಿ. ಕಂಪನಿಯ ಒಂದು ಘಟಕದ 82 ಎಕರೆಗೂ ಮಿಕ್ಕ ನೆಲವನ್ನು ರಾಜ್ಯ ಸರ್ಕಾರಕ್ಕೆ ಮಾರುವ ತೀರ್ಮಾನವಾಯಿತು. ಕಂಪನಿಯ ಕೊನೆಯ ವರ್ಷಗಳ ಸರ್ಕಾರಿ ಟಿಪ್ಪಣಿಗಳಲ್ಲಿ ಎಕರೆ, ಬಾಕಿ, ಸಾಲದ ಮಾತೇ ಹೆಚ್ಚು. ಗೇಟಿನ ವಿದ್ಯೆಯನ್ನು ಆಸ್ತಿಯೆಂದು ಎಣಿಸುವ ಕಲಮು ಅಂಥ ಟಿಪ್ಪಣಿಗಳಲ್ಲಿ ಇರುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿದ್ದಾಗ, 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ಒಂದು ಕಂಡಿಯಿಂದಲೇ ಸುಮಾರು 35 ಸಾವಿರ ಕ್ಯುಸೆಕ್ ನೀರು ನುಗ್ಗಿತು. ಅಣೆಕಟ್ಟೆಯ ಮೇಲಿನ ಭಾರ ಇಳಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ದುರಸ್ತಿಯ ವೇಳೆ ನೀರನ್ನು ತಡೆಯಲು ಗೇಟಿನ ಮುಂದೆ ಇಳಿಸುವ ಸ್ಟಾಪ್‌ಲಾಗ್‌ಗೆ ಈ ಹಳೆಯ ಅಣೆಕಟ್ಟೆಯಲ್ಲಿ ಏರ್ಪಾಡೇ ಇರಲಿಲ್ಲ. ಗೇಟು ತಜ್ಞ ಎನ್. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಉಕ್ಕಿನ ತುಂಡುಗಳನ್ನು ಒಂದೊಂದಾಗಿ ಇಳಿಸಿ, ಆಗಸ್ಟ್ 16-17ರ ಹೊತ್ತಿಗೆ ಕಂಡಿ ಮುಚ್ಚಲಾಯಿತು. ಆ ತುಂಡುಗಳು ತಯಾರಾದದ್ದು ಹೊಸಪೇಟೆಯ ಖಾಸಗಿ ಎಂಜಿನಿಯರಿಂಗ್ ವರ್ಕ್‌ಶಾಪುಗಳಲ್ಲಿ ಮತ್ತು ಜಿಂದಾಲ್ ಕಾರ್ಖಾನೆಯಲ್ಲಿ. ದಿನಗಳ ಲೆಕ್ಕದಲ್ಲಿ ಇಂಥದ್ದನ್ನು ಮಾಡಿಕೊಡಬಲ್ಲ ವರ್ಕ್‌ಶಾಪುಗಳು ಎಲ್ಲ ತಾಲ್ಲೂಕು ಕೇಂದ್ರಗಳಲ್ಲೂ ಇರುವುದಿಲ್ಲ. ಅರ್ಧ ಶತಮಾನ ಗೇಟು ಮಾಡಿದ ಊರಿನಲ್ಲಿ ಅವು ಇದ್ದದ್ದು ಕೇವಲ ಕಾಕತಾಳೀಯ ಎಂದು ನನಗನ್ನಿಸುವುದಿಲ್ಲ. ಟಿಎಸ್‌ಪಿಯ ಪರಂಪರೆ ಎಂದು ಏನಾದರೂ ಉಳಿದಿದ್ದರೆ ಅದನ್ನು ಇಂಥ ಕಡೆ ಹುಡುಕಬೇಕು. ಲಿಖಿತ ದಾಖಲೆ ಇಲ್ಲದ ಕಾರಣ ಅದಕ್ಕೆ ಮೌಖಿಕ ಚರಿತ್ರೆಯ ವಿಧಾನವೇ ಗತಿ, ಆ ಕೆಲಸವನ್ನು ಯಾರಾದರೂ ಬೇಗ ಕೈಗೆತ್ತಿಕೊಳ್ಳಬೇಕು.

ಕಂಡಿ ಮುಚ್ಚಿದ ಮೇಲೆ ಪ್ರಶ್ನೆ ಒಂದು ಗೇಟಿನದಾಗಿ ಉಳಿಯಲಿಲ್ಲ. ಎ.ಕೆ. ಬಜಾಜ್ ನೇತೃತ್ವದ ತಜ್ಞರ ಸಮಿತಿ 33 ಗೇಟುಗಳನ್ನೂ ಬದಲಿಸಬೇಕೆಂದಿತು. ಹೂಳು ತುಂಬಿ ಮೊದಲಿನ 133 ಟಿಎಂಸಿ ಅಡಿಯಿಂದ ಸುಮಾರು 105.8ಕ್ಕೆ ಇಳಿದಿದ್ದ ಜಲಾಶಯದಲ್ಲಿ 2025ರ ಮಳೆಗಾಲದಲ್ಲಿ 80 ಟಿಎಂಸಿ ಅಡಿಯಷ್ಟೇ ನೀರು ನಿಲ್ಲಿಸಲಾಯಿತು. ಹೊಸ ಗೇಟುಗಳ ಗುತ್ತಿಗೆ ಗುಜರಾತಿನ ಕಂಪನಿಗೆ ಹೋಯಿತು. ಗೇಟು ಕೂರಿಸಬೇಕೆಂದರೆ ಜಲಾಶಯದ ಮಟ್ಟ ಗೇಟಿನ ಬುಡಕ್ಕಿಂತ ಕೆಳಗಿರಬೇಕು. ಹಾಗಾಗಿ ಆ ವರ್ಷ ತುಂಗಭದ್ರಾ ಅಚ್ಚುಕಟ್ಟಿನ ಎರಡನೇ ಬೆಳೆಗೆ ನೀರು ಬಿಡುವುದಿಲ್ಲವೆಂದು ತೀರ್ಮಾನವಾಯಿತು. ಕಾಲಕಾಲಕ್ಕೆ ನಾಲ್ಕಾರು ಗೇಟುಗಳಂತೆ ಬದಲಿಸಿಕೊಂಡು ಬಂದಿದ್ದರೆ ಹತ್ತಿಪ್ಪತ್ತು ವರ್ಷಗಳಲ್ಲಿ ಹಂಚಿಹೋಗುತ್ತಿದ್ದ ಖರ್ಚು, ಒಂದೇ ಹಿಂಗಾರಿನಲ್ಲಿ ಭತ್ತದ ಗದ್ದೆಗಳ ಮೇಲೆ ಬಿತ್ತು.